ಎರಡು ಭಾಗದ ಕೊಲೋಸ್ಟಮಿ ಬ್ಯಾಗ್: ಕೆಲವು ವರ್ಷ ಬಳಸಿದ ಮೇಲೆ

ಗುದನಾಳದ ಕ್ಯಾನ್ಸರ್ ಆಪರೇಶನ್ ಆದಾಗಿನಿಂದ ನನಗೆ ಕಾಯಂ ಕೊಲೋಸ್ಟಮಿ, ಅಂದರೆ ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲ ಅಲ್ಲಿಂದ ಚೀಲಕ್ಕೆ ಬರುವಂತೆ ಮಾಡಿರುವುದು. ಆ ಬಾಯಿಗೆ ಸ್ಟೋಮಾ ಅನ್ನುತ್ತಾರೆ, ನನ್ನದು ಹೊಟ್ಟೆಯ ಎಡಗಡೆ. ಶುರುವಿನಲ್ಲಿ ಒಂದೇ ಭಾಗದ ಬ್ಯಾಗ್ ಹಾಕುತ್ತಿದ್ದೆ, ಆಮೇಲೆ ಸ್ಟೋಮಾದ ಸುತ್ತ ಚರ್ಮಕ್ಕೆ ಅಂಟುವ ಪ್ಲೇಟ್ ಬೇರೆ, ಅದಕ್ಕೆ ಕೂರಿಸುವ ಚೀಲ ಬೇರೆ ಇರುವ ಈ ಎರಡು ಭಾಗದ್ದಕ್ಕೆ ಬಂದೆ. ಮೈಸೂರಿನ ಏಪ್ರಿಲ್ ಬಿಸಿಲು, ಮಂಡ್ಯದ ಮದುವೆ ಮನೆಗಳು, ಕುಕ್ಕರಹಳ್ಳಿ ಕೆರೆ ಏರಿಯ ವಾಕಿಂಗು, ಎಲ್ಲದರಲ್ಲೂ ಇದನ್ನು ಪರೀಕ್ಷೆ ಮಾಡಿದ್ದಾಗಿದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಯಾರ ಚರ್ಮಕ್ಕೆ ಯಾವುದು ಒಗ್ಗುತ್ತದೋ ಅವರವರೇ ಹಾಕಿ ನೋಡಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸಬೇಕೆಂದರೆ ಚೀಲದಲ್ಲಿ ಉಳಿಸಿ, ಪ್ಲೇಟಿನಲ್ಲಿ ಬೇಡ. ಮೈಗೆ ಅಂಟಿಕೊಂಡಿರುವುದು ಅದು. ಅದು ಗಟ್ಟಿ ಕೂತಿದೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಮನೆಯಿಂದ ಹೊರಗೆ ಕಾಲಿಡುವ ಧೈರ್ಯ ಬರುತ್ತದೆ. ಅಂಟುವ ಬ್ಯಾಗಿನ ಯೋಚನೆ 1954ರಲ್ಲಿ ಡೆನ್ಮಾರ್ಕಿನ ಎಲಿಸೆ ಸೊರೆನ್‌ಸನ್ ಎಂಬ ನರ್ಸಿಗೆ ಹೊಳೆದದ್ದೂ ಹೀಗೇ. ಆಕೆಯ ತಂಗಿ ಥೋರಾ ಆಪರೇಶನ್ ಆದ ಮೇಲೆ ಎಲ್ಲಿ ಸೋರುತ್ತದೋ ಎಂದು ಹೆದರಿ ಹೊರಗೇ ಹೋಗುತ್ತಿರಲಿಲ್ಲವಂತೆ.

ಪ್ಲೇಟಿನ ತೂತನ್ನು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಸುಡುತ್ತದೆ, ಚಿಕ್ಕದಾದರೆ ಸ್ಟೋಮಾ ಉಜ್ಜುತ್ತದೆ. ಆಪರೇಶನ್ ಆದ ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುವುದರಿಂದ ಪ್ರತಿಸಲ ಅಳತೆ ನೋಡಿ. ಆಗಲೇ ತೂತು ಕತ್ತರಿಸಿಯೇ ಬರುವ ರೆಡಿ ಕಟ್ ಪ್ಲೇಟನ್ನು ಡಬ್ಬಗಟ್ಟಲೆ ತಂದಿಟ್ಟುಕೊಳ್ಳಬೇಡಿ. ಅಂಟಿಸುವ ಮುಂಚೆ ಪ್ಲೇಟನ್ನು ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡಿದರೆ ಚೆನ್ನಾಗಿ ಕೂರುತ್ತದೆ, ಮೈಸೂರಿನ ಡಿಸೆಂಬರ್ ಬೆಳಿಗ್ಗೆ ಇದು ಬೇಕೇ ಬೇಕು. ಇನ್ನೊಂದು, ನಮ್ಮ ಕಡೆ ಚರ್ಮ ನವೆಯಾಯಿತೆಂದರೆ ಕೈ ತಾನಾಗೇ ಕೊಬ್ಬರಿ ಎಣ್ಣೆ ಸೀಸೆಗೆ ಹೋಗುತ್ತದೆ. ಎಣ್ಣೆ ತಾಗಿದ ಜಾಗದಲ್ಲಿ ಯಾವ ಪ್ಲೇಟೂ ನಿಲ್ಲುವುದಿಲ್ಲ. ಬರೀ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಚರ್ಮ ಕೆಂಪಾಗಿ ಒಸರುತ್ತಿದ್ದರೆ ಮಾತ್ರ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ.

ನನಗೆ ಒಂದು ಪ್ಲೇಟ್ ಮೂರು ನಾಲ್ಕು ದಿನ ಬರುತ್ತದೆ. ಬೇಸಿಗೆಯಲ್ಲಿ ಬೆವರಿಗೆ ಅಷ್ಟು ತಡೆಯುವುದಿಲ್ಲ.

ಸೀರೆಯ ವಿಚಾರವನ್ನು ಯಾವ ಕೈಪಿಡಿಯಲ್ಲೂ ನಾನು ನೋಡಲಿಲ್ಲ. ಲಂಗದ ಲಾಡಿ ಎಲ್ಲಿ ಬೀಳುತ್ತದೋ ಅಲ್ಲೇ ಸ್ಟೋಮಾ ಬಂದರೆ ದಿನವೂ ಹಿಂಸೆ. ಆಪರೇಶನ್‌ಗೆ ಮುಂಚೆ ಹೊಟ್ಟೆ ಮೇಲೆ ಗುರುತು ಹಾಕುತ್ತಾರಲ್ಲ, ಆಗ ಲಂಗ ಉಟ್ಟುಕೊಂಡು ಕೂತು, ನಿಂತು, ಬಗ್ಗಿ ತೋರಿಸಿ, ಲಾಡಿಯ ಜಾಗ ಬಿಟ್ಟು ಗುರುತು ಮಾಡಿ ಅಂತ ಬಾಯಿಬಿಟ್ಟು ಕೇಳಿ. ಗಂಡಸರೂ ಪಂಚೆ, ಬೆಲ್ಟು ಕಟ್ಟಿಕೊಂಡು ಕೇಳಲಿ. ಈಗ ನಾನು ಅಗಲ ಎಲಾಸ್ಟಿಕ್ಕಿನ ಲಂಗ ಹಾಕುತ್ತೇನೆ, ನೆರಿಗೆಯನ್ನು ಸ್ವಲ್ಪ ಬಲಕ್ಕೆ ಸಿಕ್ಕಿಸುತ್ತೇನೆ. ತೆಳು ಕಾಟನ್ ಸೀರೆಯಲ್ಲಿ ಪ್ಲೇಟಿನ ರಿಂಗು ಉಬ್ಬಿ ಕಾಣುತ್ತದೆ. ಈ ಮಾಲಿನ ಮೇಲೆ ನನ್ನ ದೊಡ್ಡ ದೂರು ಅದೇ.

ಎರಡನೇ ದೂರು ಫಿಲ್ಟರ್. ಚೀಲದ ಮೇಲ್ಭಾಗದಲ್ಲಿರುವ ಇದ್ದಿಲಿನ ಫಿಲ್ಟರ್ ಗಾಳಿ ಬಿಟ್ಟು ವಾಸನೆ ಹಿಡಿಯುತ್ತದೆ ಅನ್ನುವುದು ಸರಿ, ಆದರೆ ಒದ್ದೆಯಾದರೆ ಮುಗಿಯಿತು. ಸ್ನಾನಕ್ಕೆ ಮುಂಚೆ ಬಾಕ್ಸಿನಲ್ಲಿ ಬರುವ ಸ್ಟಿಕ್ಕರ್ ಮುಚ್ಚಿ. ಅವರೆಕಾಯಿ ಕಾಲದಲ್ಲಂತೂ ಫಿಲ್ಟರ್ ಪಾಡು ಕೇಳಬೇಡಿ! ಹಿತಕಿದ ಬೇಳೆ ಸಾರು ಉಂಡ ರಾತ್ರಿ ಚೀಲ ಬಲೂನಿನಂತೆ ಊದುತ್ತದೆ. ಬಿಟ್ಟಿದ್ದೇನೆಯೇ? ಇಲ್ಲ. ಎರಡು ಭಾಗದ್ದರಲ್ಲಿ ಚೀಲದ ಮೇಲಂಚನ್ನು ಕ್ಲಿಕ್ ಅಂತ ಬಿಡಿಸಿ ಗಾಳಿ ಬಿಟ್ಟು ಮತ್ತೆ ಒತ್ತಬಹುದು, ಒಂದೇ ಭಾಗದ್ದರಲ್ಲಿ ಈ ಅನುಕೂಲ ಇಲ್ಲ. ಮುದ್ದೆ, ಮಜ್ಜಿಗೆ ನನಗೆ ಒಗ್ಗಿವೆ. ಇಲಿಯೋಸ್ಟಮಿ, ಅಂದರೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆಯುವ ಆಪರೇಶನ್, ಆದವರ ಲೆಕ್ಕ ಬೇರೆ, ಅವರಿಗೆ ನೀರು, ಉಪ್ಪು ಹೆಚ್ಚು ಹೋಗುತ್ತದೆ, ನಾರಿನ ಸೊಪ್ಪು ತರಕಾರಿ ಒಳಗೆ ಕಟ್ಟಿಕೊಳ್ಳಬಹುದು. ಡಾಕ್ಟರನ್ನು ಕೇಳಿಯೇ ತಿನ್ನಲಿ.

ಮದುವೆ ಛತ್ರಕ್ಕೆ ಹೋಗುವಾಗ ಹೆಗಲಿನ ಬ್ಯಾಗಿನಲ್ಲಿ ಮೊದಲೇ ಕತ್ತರಿಸಿದ ಒಂದು ಪ್ಲೇಟ್, ಒಂದು ಚೀಲ, ನೀರಿನ ಬಾಟಲಿ, ಹಳೇ ಪೇಪರ್ ಇರಲೇಬೇಕು. ಚೀಲ ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಿ. ತುಂಬಿದ ಚೀಲದ ಭಾರವೇ ಪ್ಲೇಟನ್ನು ಕೀಳುತ್ತದೆ. ಕಮೋಡಿನ ನೀರಿನ ಮೇಲೆ ಮೊದಲು ಟಿಶ್ಯೂ ಹಾಸಿದರೆ ಸಿಡಿಯುವುದಿಲ್ಲ. ಬಳಸಿದ ಬ್ಯಾಗನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಕೊಡಿ, ಟಾಯ್ಲೆಟ್ಟಿಗೆ ಹಾಕಬೇಡಿ.

ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ, ಸಪೋರ್ಟ್ ಬೆಲ್ಟ್ ಕಟ್ಟಿಕೊಂಡೇ ಹೊರಟೆ. ಮಂಡ್ಯದಿಂದ ಬಂದಿದ್ದ ನಾದಿನಿ, "ಅತ್ಗೆ, ನಿಮ್ಗೆ ಅತ್ತಕ್ಕಾಯ್ತದಾ?" ಅಂದಳು. "ನಿನ್ಗಿಂತ ಮುಂಚೆ ನಂದಿ ಹತ್ರ ಇರ್ತೀನಿ ಬಾ" ಅಂದೆ. ಇದ್ದೆ ಕೂಡ, ಅವಳು ದಾರಿಯಲ್ಲಿ ಚುರುಮುರಿ ತಿನ್ನುತ್ತಾ ನಿಂತುಬಿಟ್ಟಿದ್ದಳು. ಆದರೆ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಇವತ್ತಿಗೂ ಎತ್ತುವುದಿಲ್ಲ. ಸ್ಟೋಮಾದ ಪಕ್ಕ ಹರ್ನಿಯಾ ಆಗುವ ಅಪಾಯ ನಿಜವಾದದ್ದು.

ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಈ ಕ್ಲಿಕ್ ರಿಂಗ್ ಒತ್ತಿ ಕೂರಿಸುವುದು ಕಷ್ಟ. ಅವರಿಗೆ ಒಂದೇ ಭಾಗದ್ದೇ ವಾಸಿ. ಉಳಿದವರು ದೊಡ್ಡ ಬಾಕ್ಸ್ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಬಿಡಿ ಪ್ಲೇಟ್ ಒಂದು ಕೇಳಿ ತಂದು, ಒಂದು ಸೆಕೆಯ ದಿನ ಹಾಕಿಕೊಂಡು ನಡೆದು ನೋಡಿ. ಕಾರಿನಲ್ಲಿ ಬಿಸಿಲಿಗೆ ಮಾತ್ರ ಬಿಟ್ಟು ಬರಬೇಡಿ, ಅಂಟು ಕರಗಿಹೋಗುತ್ತದೆ.