ಸರಸ್ವತಿಪುರಂ ರೋಬೋಟಿಕ್ಸ್ ಸೆಂಟರ್: ರೆಫರಿಗೆ ಪೂರ್ತಿ ಅಂಕ, ನೆಲಕ್ಕೆ ಇಲ್ಲ

ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಮಕ್ಕಳ ವೆಕ್ಸ್ (ಶಾಲಾ ಮಕ್ಕಳು ರೋಬೋ ಕಟ್ಟಿ ಆಡಿಸುವ ಸ್ಪರ್ಧೆ) ತಂಡಕ್ಕೆ ಪ್ರಾಕ್ಟೀಸ್ ಮ್ಯಾಚ್ ಬೇಕೆಂದರೆ ಭಾನುವಾರ ರೈಲು ಹತ್ತಿ ಮೈಸೂರಿನ ಸರಸ್ವತಿಪುರಂನಲ್ಲಿರುವ ಒಂದು ರೋಬೋಟಿಕ್ಸ್ ಸೆಂಟರಿಗೆ ಹೋಗುತ್ತೇವೆ. ತಂಡಕ್ಕೆ ದಿನಕ್ಕೆ 1,500 ರೂಪಾಯಿ. ಜಾಸ್ತಿಯೇ. ಆದರೂ ಅಲ್ಲಿನ ರೆಫರಿಗಾಗಿ ಕೊಡಬಹುದು.

12 ಅಡಿ ಉದ್ದ, 12 ಅಡಿ ಅಗಲದ ಫೀಲ್ಡಿನಲ್ಲಿ ನಾಲ್ಕು ರೋಬೋ ಓಡಾಡುತ್ತವೆ, ಕೆಂಪು ಬಣದ ಎರಡು, ನೀಲಿ ಬಣದ ಎರಡು. ಡಿಕ್ಕಿ ಆಗಿಯೇ ಆಗುತ್ತದೆ, ಅದಕ್ಕೆಲ್ಲ ದಂಡ ಇಲ್ಲ. ಆದರೆ ಎದುರಾಳಿಯನ್ನು ಗೋಡೆಗೆ ಒತ್ತಿ ಹಿಡಿದರೆ ಐದು ಎಣಿಸುವಷ್ಟರಲ್ಲಿ ಬಿಡಬೇಕು. ಬಿಡೋದು ಅಂದರೆ ಎರಡಡಿ, ಸುಮಾರು ನೆಲಕ್ಕೆ ಹಾಸಿರುವ ಒಂದು ಫೋಮ್ ಟೈಲ್‌ನಷ್ಟು ದೂರ ಸರಿಯಬೇಕು. ಅಷ್ಟು ಸರಿಯದೆ ಮತ್ತೆ ಒತ್ತಿದರೆ ಎಣಿಕೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ರೆಫರಿ ಮನಸ್ಸಿನಲ್ಲೇ ಎಣಿಸಿಕೊಂಡರೆ ರೋಬೋ ಓಡಿಸುವ ಮಕ್ಕಳಿಗೆ ಏನು ಗೊತ್ತಾಗಬೇಕು? ಈ ಸೆಂಟರಿನ ರೆಫರಿ ಬಗ್ಗಿ ನಿಂತು, ಕೈ ಬೀಸುತ್ತಾ, "ಕೆಂಪು, ಹೋಲ್ಡಿಂಗ್! ಒಂದು, ಎರಡು, ಮೂರು" ಅಂತ ಇಡೀ ಹಾಲಿಗೆ ಕೇಳಿಸುವಂತೆ ಎಣಿಸುತ್ತಾರೆ. ಕೆಂಪು ಬಣದಲ್ಲಿದ್ದ ನಮ್ಮ ಹುಡುಗಿ ಮೂರಕ್ಕೇ ಹಿಂದೆ ಸರಿದಳು. ಸರಿದದ್ದು ಅರ್ಧ ಟೈಲ್ ಅಷ್ಟೇ. ತಕ್ಷಣ ಮತ್ತೆ ನುಗ್ಗಿದಳು. ಅವರು ಒಂದರಿಂದ ಶುರು ಮಾಡಲಿಲ್ಲ, "ನಾಲ್ಕು" ಅಂದರು. ಅವಳು ಬೆಚ್ಚಿಬಿದ್ದು ಪೂರ್ತಿ ದೂರ ಹೋದಳು. ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ತೋರಿಸಿದರೂ ತಲೆಗೆ ಹತ್ತದ ನಿಯಮ ಅದು.

ಇನ್ನೊಂದು ಮ್ಯಾಚಿನಲ್ಲಿ ಲಿಫ್ಟ್ (ಮೇಲೆತ್ತುವ ತೋಳು) ಪೂರ್ತಿ ಎತ್ತಿಕೊಂಡಿದ್ದ ಎದುರಾಳಿ ರೋಬೋ ನಮ್ಮದು ತಾಗಿ ಮಗುಚಿಕೊಂಡಿತು. ಆ ಹುಡುಗನ ತಂದೆ ಮೊಬೈಲ್ ಹಿಡಿದು ಬಂದರು. "ಸರ್, ಕ್ಷಮಿಸಿ, ವೆಕ್ಸ್ ನಿಯಮದ ಪ್ರಕಾರ ವಿಡಿಯೋ ನೋಡೋ ಹಾಗಿಲ್ಲ. ಡ್ರೈವರೇ ಬಂದು ಕೇಳಲಿ" ಅಂದರು ರೆಫರಿ. ಹುಡುಗ ಮುಖ ಊದಿಸಿಕೊಂಡೇ ಬಂದ. "ನೋಡಪ್ಪ, ಬೇಕಂತ ಬೀಳಿಸಿದ್ರೆ ತಪ್ಪು. ಅವರು ಗೋಲ್ ಕಡೆ ಹೋಗ್ತಿದ್ರು. ನಿನ್ನ ಲಿಫ್ಟ್ ಮೇಲಿತ್ತು, ಭಾರವೆಲ್ಲ ಮೇಲೇ ಇತ್ತು. ಆಟದಲ್ಲಿ ಆಗೋ ತಾಗಾಟ ಇದು" ಅಂತ ಅವನ ರೋಬೋವನ್ನೇ ವಾಲಿಸಿ ತೋರಿಸಿದರು. ಹುಡುಗ ಮರುಮಾತಾಡದೆ ಹೋಗಿ ಬ್ಯಾಟರಿ ಬಿಚ್ಚಿ ಕೆಳಗಡೆ ಕೂರಿಸತೊಡಗಿದ. ತೀರ್ಪು ಅಂದರೆ ಹೀಗಿರಬೇಕು ಅಲ್ವಾ?

ಬೇಸರದ ವಿಷಯವೂ ಇದೆ. ಇರುವವರು ಒಬ್ಬರೇ ರೆಫರಿ. ಅವರು ಈ ಮೂಲೆಯಲ್ಲಿ ಎಣಿಸುತ್ತಿದ್ದಾಗ ಆ ಮೂಲೆಯಲ್ಲಿ ನಮ್ಮ ರೋಬೋ ಸಿಕ್ಕಿಹಾಕಿಕೊಂಡು ಒದ್ದಾಡಿತು, ಯಾರೂ ಎಣಿಸಲಿಲ್ಲ. ಇದು ಅವರ ತಪ್ಪಲ್ಲ, ಸೆಂಟರಿನವರದು. ಟೈಲ್‌ಗಳ ಅಂಚಿನ ಹಲ್ಲುಗಳೂ ಸವೆದು ಮೇಲೆದ್ದಿವೆ. ಚಕ್ರ ಎಡವಿ ರೋಬೋ ಓಲಾಡಿದರೆ ಯಾರೋ ಗುದ್ದಿದ ಹಾಗೇ ಕಾಣುತ್ತದೆ. ಎಂಥ ರೆಫರಿಗಾದರೂ ಗೊಂದಲ ಆಗದೆ ಇರುತ್ತದಾ?

ಇನ್ನೊಬ್ಬ ರೆಫರಿಯನ್ನು ನಿಲ್ಲಿಸಿ, ನಡುವಿನ ನಾಲ್ಕಾರು ಟೈಲ್ ಬದಲಿಸಿದರೆ ಇನ್ನೂ 300 ರೂಪಾಯಿ ಜಾಸ್ತಿ ಕೊಡಲು ನಾವು ತಯಾರು. ಅಲ್ಲಿಯವರೆಗೂ ಹೋಗುತ್ತೇವೆ. ನೀವು ಹೋಗುವುದಾದರೆ ಬೆಳಗಿನ ಹೊತ್ತೇ ಕೇಳಿ ಬುಕ್ ಮಾಡಿ, ಮಧ್ಯಾಹ್ನದ ಮೇಲೆ ಆ ರೆಫರಿ ಇರುವುದಿಲ್ಲ.