ಬಾವಲಿಯ ಕೂಗಿನಿಂದ ಪತಂಗ ಬೀಳಿಸುವ ಪಿಸ್ತೂಲು: ಕಲಬುರಗಿಯಲ್ಲಿ ಮೂರು ತಿಂಗಳು ಬಳಸಿದ ಮೇಲೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊರಿಯರ್ ಮೂಲಕ ನನ್ನ ಕೈ ಸೇರಿದ ಈ ಉಪಕರಣವು ನೋಡುವುದಕ್ಕೆ ಜಾತ್ರೆಯಲ್ಲಿ ಮಾರುವ ಮಕ್ಕಳ ಪಿಸ್ತೂಲಿನಂತಿದೆ. ಕಪ್ಪು ಪ್ಲಾಸ್ಟಿಕ್ಕಿನ ಮೈ, ಮೂತಿಯ ಜಾಗದಲ್ಲಿ ಕಿವಿ ನಿಮಿರಿಸಿದ ಬಾವಲಿಯ ತಲೆ, ಅದರ ತೆರೆದ ಬಾಯಿಯೊಳಗೆ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದಾದ ಲೋಹದ ಬಿಲ್ಲೆ. ಕುದುರೆಯನ್ನು ಒತ್ತಿದಾಗ ಆ ಬಾಯಿಯಿಂದ ಗುಂಡಾಗಲಿ, ಗಾಳಿಯಾಗಲಿ, ಔಷಧಿಯಾಗಲಿ ಹೊರಡುವುದಿಲ್ಲ. ಮನುಷ್ಯರ ಕಿವಿಗೆ ಕೇಳಿಸದಷ್ಟು ಎತ್ತರದ ಶಬ್ದವೊಂದೇ ಹೊರಡುತ್ತದೆ. ಆ ಶಬ್ದ ತಾಗಿದ ಕೂಡಲೇ ಹಾರುತ್ತಿರುವ ಹುಳು ನೆಲಕ್ಕೆ ಬೀಳುತ್ತದೆಂದು ಡಬ್ಬಿಯ ಮೇಲೆ ಬರೆದಿದ್ದಾರೆ. ನಾನು ಕೊಟ್ಟ ಬೆಲೆ ₹1,150. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಇಂಥ ಮಾತನ್ನು ಪರೀಕ್ಷಿಸದೆ ಒಪ್ಪುವವನಲ್ಲ. ಆದ್ದರಿಂದ ಮೊದಲು ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ, ಆಮೇಲೆ ಚಿತ್ತಾಪುರ ತಾಲ್ಲೂಕಿನಲ್ಲಿರುವ ನಮ್ಮ ಅಣ್ಣನ ತೊಗರಿ ಹೊಲದಲ್ಲಿ, ಒಟ್ಟು ಮೂರು ತಿಂಗಳು ಇದನ್ನು ಬಳಸಿ ನೋಡಿದ್ದೇನೆ.

ಮೊದಲ ಪರೀಕ್ಷೆಗೆ ಕಾಯಬೇಕಾಗಲಿಲ್ಲ. ಅಂದು ಮಧ್ಯಾಹ್ನ ಒಳ್ಳೆಯ ಮಳೆಯಾಗಿತ್ತು. ನಮ್ಮ ಕಡೆ ಮಳೆ ಬಿದ್ದ ಸಂಜೆ ದೀಪ ಹಚ್ಚಿದರೆ ಸಾಕು, ಸುತ್ತಮುತ್ತಲಿನ ಹುಳುಗಳೆಲ್ಲ ಬಂದು ಮುತ್ತುತ್ತವೆ. ಮಾಳಿಗೆಯ ಬಾಗಿಲ ಮೇಲಿನ ಎಲ್‌ಇಡಿ ದೀಪದ ಸುತ್ತ ಹೆಬ್ಬೆರಳ ಉಗುರಿನಷ್ಟು ಉದ್ದದ ಕಂದು ಪತಂಗವೊಂದು ಗಿರಕಿ ಹೊಡೆಯುತ್ತಿತ್ತು. ಮೂರು ನಾಲ್ಕು ಅಡಿ ದೂರದಿಂದ ಅದರತ್ತ ಹಿಡಿದು ಕುದುರೆ ಒತ್ತಿದೆ. ಪತಂಗವು ರೆಕ್ಕೆ ಮಡಚಿಕೊಂಡು, ಹರಳು ಬಿದ್ದಂತೆ ನೇರವಾಗಿ, ಕೆಳಗೆ ಹಾಸಿದ್ದ ಪತ್ರಿಕೆಯ ಮೇಲೆ ‘ಟಪ್’ ಎಂದು ಬಿತ್ತು. ಬಾಗಿ ನೋಡಿದರೆ ಮೀಸೆಗಳನ್ನು ಮೈಗೆ ಒತ್ತಿಕೊಂಡು, ಒಣಗಿದ ಎಲೆಯ ಚೂರಿನಂತೆ ಕದಲದೆ ಕುಳಿತಿತ್ತು. ಸುಮಾರು ಅರ್ಧ ನಿಮಿಷದ ಮೇಲೆ ರೆಕ್ಕೆಗಳು ಸಣ್ಣಗೆ ನಡುಗತೊಡಗಿದವು. ಹಾರುವ ಮುನ್ನ ಎಷ್ಟೋ ಪತಂಗಗಳು ಹೀಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುತ್ತವೆ. ಆಮೇಲೆ ಎದ್ದು ಮತ್ತೆ ದೀಪದ ಕಡೆಗೇ ಹೋಯಿತು. ಮತ್ತೆ ಒತ್ತಿದೆ, ಮತ್ತೆ ಬಿತ್ತು.

ಈ ಉಪಕರಣದ ಬಗ್ಗೆ ಕೊಳ್ಳುವವರು ತಿಳಿಯಬೇಕಾದ ಮುಖ್ಯ ಸಂಗತಿ ಆ ಅರ್ಧ ನಿಮಿಷದಲ್ಲಿದೆ. ಶಬ್ದವು ಪತಂಗವನ್ನು ಕೊಲ್ಲುವುದಿಲ್ಲ, ಗಾಯಗೊಳಿಸುವುದೂ ಇಲ್ಲ. ಬಾವಲಿ ಬಂತೆಂದು ತಿಳಿದು, ಜೀವ ಉಳಿಸಿಕೊಳ್ಳಲು ಪತಂಗ ತಾನಾಗಿಯೇ ಬೀಳುತ್ತದೆ.

ರಾತ್ರಿ ಹುಳು ಹಿಡಿದು ತಿನ್ನುವ ಸಣ್ಣ ಬಾವಲಿಗಳು ಹಾರುತ್ತಲೇ ಕೂಗುತ್ತವೆ; ಆ ಕೂಗಿನ ಪ್ರತಿಧ್ವನಿಯಿಂದ ಬೇಟೆ ಎಲ್ಲಿದೆ ಎಂಬುದನ್ನು ಅರಿಯುತ್ತವೆ. ನಮ್ಮ ಶ್ರವಣದ ಮೇಲಿನ ಎಲ್ಲೆಯಾದ 20 ಕಿಲೋಹರ್ಟ್ಜ್‌ಗಿಂತ ಈ ಕೂಗು ಎತ್ತರದಲ್ಲಿರುವುದರಿಂದ ಅದರ ಇರವು ಬಹುಕಾಲ ಊಹೆಯಾಗಿಯೇ ಉಳಿದಿತ್ತು. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್ ಅವರು ಭೌತಶಾಸ್ತ್ರಜ್ಞ ಪಿಯರ್ಸ್ ಅವರ, ಕಿವಿಗೆ ಕೇಳಿಸದ ಶಬ್ದವನ್ನೂ ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ತಂದು ಹಿಡಿದು, ಕಂಡದ್ದನ್ನು 1938ರಲ್ಲಿ ಪ್ರಕಟಿಸಿದ ಮೇಲೆ ಅದು ಸಾಬೀತಾಯಿತು. ಪತಂಗದ ಕಡೆಯಿಂದ ಇದೇ ವಿಷಯವನ್ನು 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಕೆನೆತ್ ರೋಡರ್ ಬಿಡಿಸಿ ತೋರಿಸಿದರು. ನಾಕ್ಟುಯಿಡ್ ಕುಟುಂಬದ ಪತಂಗಕ್ಕೆ ಎದೆಯ ಎರಡೂ ಬದಿಯಲ್ಲಿ, ಹಿಂದಿನ ರೆಕ್ಕೆಯ ಬುಡದ ಹತ್ತಿರ, ಒಂದೊಂದು ಕಿವಿ ಇರುತ್ತದೆ. ಪ್ರತಿಯೊಂದು ಕಿವಿಯಲ್ಲಿ ಶಬ್ದ ಗ್ರಹಿಸುವ ಜೀವಕೋಶಗಳು ಎರಡೇ ಎರಡು. ಒಂದು ದೂರದ ಸಣ್ಣ ಕೂಗಿಗೂ ಮಿಡಿಯುತ್ತದೆ, ಇನ್ನೊಂದು ಹತ್ತಿರದ ಜೋರಾದ ಕೂಗಿಗೆ ಮಾತ್ರ ಓಗೊಡುತ್ತದೆ. ಬಾವಲಿ ದೂರದಲ್ಲಿದ್ದರೆ ಪತಂಗ ಅದಕ್ಕೆ ಬೆನ್ನು ಮಾಡಿ ಬೇರೆ ದಿಕ್ಕಿಗೆ ಹೊರಟುಬಿಡುತ್ತದೆ. ತೀರ ಹತ್ತಿರ ಬಂದಿದ್ದರೆ ಸುರುಳಿ ಸುತ್ತಿಯೋ, ರೆಕ್ಕೆ ಮಡಚಿಯೋ ನೆಲದ ಕಡೆಗೆ ಧುಮುಕುತ್ತದೆ. ನಮ್ಮ ಮಾಳಿಗೆಯ ಮೇಲೆ ನಾನು ಕಂಡದ್ದೂ ಇದೇ. ಆರೇಳು ಅಡಿಯೊಳಗೆ ಒತ್ತಿದರೆ ಹೆಚ್ಚಿನವು ಬೀಳುತ್ತಿದ್ದವು. ಮಾಳಿಗೆಯ ಆ ತುದಿಯ ನೀರಿನ ಟಾಕಿಯ ಬಳಿ ನಿಂತು ಒತ್ತಿದರೆ ಬೀಳದೆ ದಿಕ್ಕು ಬದಲಿಸಿ ಕತ್ತಲಿಗೆ ಸರಿಯುತ್ತಿದ್ದವು. ಎರಡು ಜೀವಕೋಶಗಳ ಬಲದಿಂದ ಒಂದು ಹುಳು ಇಷ್ಟೆಲ್ಲ ತೀರ್ಮಾನ ಮಾಡುವುದನ್ನು ಕಣ್ಣಾರೆ ಕಂಡ ಆ ಸಂಜೆ ನನಗೆ ಮೈ ಜುಮ್ಮೆಂದಿತು.

ಕೇಳಿಸದ ಶಬ್ದ ನಿಜವಾಗಿಯೂ ಹೊರಡುತ್ತಿದೆಯೇ ಎಂಬುದನ್ನು ಹುಳು ಬಿದ್ದದ್ದರಿಂದಲೇ ತೀರ್ಮಾನಿಸಬಾರದೆಂದು, ಇಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗನಿಗೆ ಇದನ್ನು ಕೊಟ್ಟೆ. ಕಾರನ್ನು ಹಿಂದಕ್ಕೆ ತೆಗೆಯುವಾಗ ಅಡ್ಡ ಬಂದದ್ದನ್ನು ತಿಳಿಸುವ ಸೆನ್ಸರ್‌ನಲ್ಲಿ ಇರುವಂಥದೇ ಬಿಲ್ಲೆ ಇದರ ಬಾಯಿಯಲ್ಲಿದೆ. ಅವನು ಅಂಥದೇ ಇನ್ನೊಂದು ಬಿಲ್ಲೆಯನ್ನು ಎದುರಿಗಿಟ್ಟು, ತರಂಗಗಳನ್ನು ಪರದೆಯ ಮೇಲೆ ತೋರಿಸುವ ಕಾಲೇಜಿನ ಆಸಿಲೋಸ್ಕೋಪ್‌ಗೆ ಜೋಡಿಸಿ ನೋಡಿದ. ತರಂಗಗಳು 40 ಕಿಲೋಹರ್ಟ್ಜ್ ಆಸುಪಾಸಿನವು. ಕುದುರೆಯನ್ನು ಅರ್ಧ ಒತ್ತಿದರೆ ಸೆಕೆಂಡಿಗೆ ಹತ್ತರಂತೆ ಬಿಟ್ಟು ಬಿಟ್ಟು ಹೊರಡುತ್ತವೆ, ಪೂರ್ತಿ ಒತ್ತಿದರೆ ಒಂದರ ಹಿಂದೊಂದು ಒತ್ತೊತ್ತಾಗಿ ಬರುತ್ತವೆ. ಇದನ್ನು ರೂಪಿಸಿದವರು ಬಾವಲಿಯನ್ನು ಚೆನ್ನಾಗಿ ಬಲ್ಲವರು. ಬೇಟೆ ಹುಡುಕುವ ಬಾವಲಿ ಸೆಕೆಂಡಿಗೆ ಸುಮಾರು 10 ಸಲ ಕೂಗುತ್ತದೆ, ಹುಳುವಿನ ಮೇಲೆ ಎರಗುವ ಗಳಿಗೆಯಲ್ಲಿ ಆ ಕೂಗು 200ರ ಹತ್ತಿರ ಹೋಗುತ್ತದೆ. ನಿಜವಾದ ಬಾವಲಿಯ ಕೂಗು ಮೇಲಿನಿಂದ ಕೆಳಗೆ ಜಾರುವುದುಂಟು, ಈ ಉಪಕರಣದ್ದು ಒಂದೇ ಸ್ವರ. ಆದರೆ ನಾಕ್ಟುಯಿಡ್ ಪತಂಗದ ಕಿವಿಗೆ ಸ್ವರಭೇದ ತಿಳಿಯುವುದಿಲ್ಲವಾದ್ದರಿಂದ ಅಗ್ಗದ ಬಿಲ್ಲೆಯೇ ಈ ಕೆಲಸಕ್ಕೆ ಸಾಕಾಗಿದೆ.

ಡಬ್ಬಿಯ ಮೇಲಿನ ಮಾತು ಇಲ್ಲಿಗೆ ನಿಂತಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಆದರೆ ಅಲ್ಲಿ ಪತಂಗದ ಜೊತೆಗೆ ಸೊಳ್ಳೆ, ನೊಣ, ಈಸುಳ್ಳಿಗಳ ಚಿತ್ರವನ್ನೂ ಹಾಕಿದ್ದಾರೆ, ಮತ್ತು ಅದು ಸುಳ್ಳು. ಮಳೆಯ ಮರುದಿನ ಹುತ್ತದಿಂದ ಎದ್ದ ಈಸುಳ್ಳಿಗಳ ಹಿಂಡಿನ ನಡುವೆ ಐದು ನಿಮಿಷ ಕುದುರೆ ಒತ್ತಿ ಹಿಡಿದೆ, ಒಂದೂ ಬೀಳಲಿಲ್ಲ. ನೊಣಕ್ಕೆ ಈ ಶಬ್ದ ಕೇಳುವ ಕಿವಿಯೇ ಇಲ್ಲ. ಸೊಳ್ಳೆಯ ವಿಷಯ ಇನ್ನೂ ಗಂಭೀರವಾದದ್ದು. ಸೊಳ್ಳೆ ಕೇಳುವುದು ತಲೆಯ ಮೇಲಿನ ಮೀಸೆಗಳಿಂದ, ಅದೂ ಹೆಣ್ಣು ಸೊಳ್ಳೆಯ ರೆಕ್ಕೆಯ ಗುಂಯ್‌ಗುಡುವಿಕೆಯಂಥ ಕೆಲವು ನೂರು ಹರ್ಟ್ಜ್‌ಗಳ ಶಬ್ದವನ್ನು. ಆ ಶಬ್ದಕ್ಕೆ ಗಂಡು ಸೊಳ್ಳೆ ಹತ್ತಿರ ಬರುತ್ತದೆಯೇ ಹೊರತು ಬೀಳುವುದಿಲ್ಲ. ನಮ್ಮನ್ನು ಕಚ್ಚುವುದಂತೂ ಹೆಣ್ಣು. ಶಬ್ದದಿಂದ ಸೊಳ್ಳೆ ಓಡಿಸುವ ವಿದ್ಯುತ್ ಉಪಕರಣಗಳ ಮೇಲೆ ಬಯಲಿನಲ್ಲಿ ನಡೆದ 10 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು, ಅವುಗಳಿಂದ ಸೊಳ್ಳೆ ಕಚ್ಚುವುದು ಕಡಿಮೆಯಾಗುವುದಿಲ್ಲವೆಂದು 2007ರಲ್ಲೇ ಹೇಳಿದೆ. ಅದಕ್ಕೂ ಮೊದಲು 2001ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 60ಕ್ಕೂ ಹೆಚ್ಚು ತಯಾರಕರಿಗೆ ಮತ್ತು ಮಾರಾಟಗಾರರಿಗೆ, ಇಂಥ ಉಪಕರಣಗಳ ಬಗ್ಗೆ ಆಧಾರವಿಲ್ಲದ ಭರವಸೆ ಕೊಡಬಾರದೆಂದು ಎಚ್ಚರಿಕೆ ಕೊಟ್ಟಿತ್ತು. ಕಲಬುರಗಿಯಲ್ಲಿ ನಳದ ನೀರು ದಿನ ಬಿಟ್ಟು ಬರುವ ಬಡಾವಣೆಗಳಲ್ಲಿ ಪ್ರತಿ ಮನೆಯಲ್ಲೂ ನೀರು ತುಂಬಿದ ಬ್ಯಾರೆಲ್ ಇರುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಅಲ್ಲಿಯೇ. ಸೊಳ್ಳೆಯಿಂದ ಮಲೇರಿಯಾ ಬರುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಪತ್ತೆಹಚ್ಚಿದ್ದು, ಆಗ ನಮ್ಮ ಜಿಲ್ಲೆಯೂ ಸೇರಿದ್ದ ನಿಜಾಮರ ಸೀಮೆಯ ಸಿಕಂದರಾಬಾದಿನಲ್ಲಿ. ಆ ತಿಳಿವಳಿಕೆಗೆ ಒಂದೇಕಾಲು ಶತಮಾನ ಕಳೆದ ಮೇಲೂ, ಈ ಪಿಸ್ತೂಲನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಸೊಳ್ಳೆಪರದೆ ಬಿಡುವಂತೆ ಜನರನ್ನು ನಂಬಿಸುವುದು ಅಪರಾಧವೆಂದೇ ನಾನು ಭಾವಿಸುತ್ತೇನೆ. ಬ್ಯಾರೆಲ್‌ಗೆ ಮುಚ್ಚಳ ಹಾಕಿ, ಪರದೆ ಕಟ್ಟಿ ಮಲಗಿರಿ.

ತೊಗರಿ ಹೊಲದ ಪರೀಕ್ಷೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ತೊಗರಿ ಬೇಳೆಗೆ ಕಾಯಿಕೊರಕ ಹುಳುವಿಗಿಂತ ದೊಡ್ಡ ವೈರಿಗಳು ಕಡಿಮೆ, ಮತ್ತು ಆ ಹಸಿರು ಕೀಡೆಯ ತಾಯಿಯಾದ ಹೆಲಿಕೋವರ್ಪಾ ಪತಂಗವು ಕಿವಿಯುಳ್ಳ ನಾಕ್ಟುಯಿಡ್ ಕುಟುಂಬದ್ದೇ. ನವೆಂಬರ್‌ನಲ್ಲಿ ಹೂವು ತುಂಬಿ ಹೊಲವೆಲ್ಲ ಹಳದಿಯಾಗಿದ್ದಾಗ, ಕತ್ತಲಾಗುತ್ತಲೇ ಅಣ್ಣನೊಂದಿಗೆ ಸಾಲುಗಳ ನಡುವೆ ನಿಂತೆ. ಬ್ಯಾಟರಿ ಬೆಳಕಿನಲ್ಲಿ ಮೊಗ್ಗಿನಿಂದ ಮೊಗ್ಗಿಗೆ ಹಾರುತ್ತಿದ್ದ ಪತಂಗಗಳತ್ತ ಕುದುರೆ ಒತ್ತಿದರೆ, ಮಾಳಿಗೆಯ ಮೇಲೆ ಆದಂತೆಯೇ, ಹತ್ತರಲ್ಲಿ ಆರೇಳು ಗಿಡದ ಬುಡಕ್ಕೆ ಬೀಳುತ್ತಿದ್ದವು. ಅಣ್ಣ ಎರಡು ಮೂರು ಸಲ ನೋಡಿ, “ಬೀಳೋದು ಖರೇನ ಅದ. ಆದ್ರ ಸಾಯಂಗಿಲ್ಲಲ್ಲ? ಎದ್ದು ಆ ಗಿಡಕ್ಕ ಹೋಗಿ ತತ್ತಿ ಇಡ್ತದ” ಎಂದರು. ರೈತನಾಗಿ ಅವರು ಹೇಳಿದ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಾವಲಿಯಂಥ ಶಬ್ದವನ್ನು ರಾತ್ರಿಯಿಡೀ ಹೊಲದ ಮೇಲೆ ಬಿತ್ತರಿಸಿ ಮೆಕ್ಕೆಜೋಳದ ಕೊರಕದ ಬಾಧೆಯನ್ನು ಗಣನೀಯವಾಗಿ ತಗ್ಗಿಸಿದ ಪ್ರಯೋಗವೊಂದು 1960ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ನಡೆದಿದೆ, ನಿಜ. ಆದರೆ ಇಷ್ಟು ಎತ್ತರದ ಶಬ್ದ ಗಾಳಿಯಲ್ಲಿ ಬಹುಬೇಗ ಕ್ಷೀಣಿಸುತ್ತದೆ; ಕೈಯಲ್ಲಿ ಹಿಡಿಯುವ ಈ ಪಿಸ್ತೂಲಿನ ಶಬ್ದ ನಾಲ್ಕು ಸಾಲು ದಾಟುವುದಿಲ್ಲ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆ ಕಟ್ಟುವುದು, ಗಿಡ ಅಲ್ಲಾಡಿಸಿ ಕೀಡೆಗಳನ್ನು ತಾಡಪಾಲಿನ ಮೇಲೆ ಉದುರಿಸುವುದು, ಹಕ್ಕಿ ಕೂರಲು ಕೋಲು ನೆಡುವುದು, ಇವುಗಳಿಗೆ ಬದಲಾಗಿ ಇದನ್ನು ಯಾರೂ ಕೊಳ್ಳಬಾರದು.

ಅಂದು ರಾತ್ರಿ ಇನ್ನೊಂದು ಸಂಗತಿ ನನ್ನನ್ನು ನಿಜವಾಗಿ ಕಳವಳಗೊಳಿಸಿತು. ಪತಂಗವೊಂದನ್ನು ಬೀಳಿಸಲು ಹೋದಾಗ, ಪಕ್ಕದಲ್ಲಿ ಹಾರುತ್ತಿದ್ದ ತೆಳು ಹಸಿರಿನ, ಜಾಲರಿಯಂಥ ರೆಕ್ಕೆಯ, ಬಂಗಾರದ ಬಣ್ಣದ ಕಣ್ಣಿನ ಕೀಟವೊಂದು ರೆಕ್ಕೆ ಮಡಚಿ ಎಲೆಯ ಮೇಲೆ ಬಿತ್ತು. ಅದು ಕ್ರೈಸೋಪರ್ಲಾ. ಅದರ ಮರಿ ಸಸ್ಯಹೇನನ್ನೂ ಕಾಯಿಕೊರಕದ ಮೊಟ್ಟೆಯನ್ನೂ ತಿಂದು ರೈತನಿಗೆ ನೆರವಾಗುತ್ತದೆ. ಅದರ ರೆಕ್ಕೆಯ ನರದಲ್ಲಿ ಪುಟ್ಟ ಕಿವಿಯಿದೆ, ಬಾವಲಿಯ ಕೂಗಿಗೆ ಅದೂ ಹೀಗೆಯೇ ಬೀಳುತ್ತದೆ. ಬಿದ್ದದ್ದನ್ನು ತುಳಿದು ಕೊಲ್ಲುವ ಉದ್ದೇಶದಿಂದ ಈ ಪಿಸ್ತೂಲು ಬಳಸುವವರು, ಕತ್ತಲಲ್ಲಿ ವೈರಿ ಯಾವುದು, ಬಂಧು ಯಾವುದು ಎಂದು ನೋಡಿ ತುಳಿಯುವುದಿಲ್ಲ. ಡಬ್ಬಿಯ ಮೇಲೆ ಇದರ ಬಗ್ಗೆ ಒಂದಕ್ಷರವೂ ಇಲ್ಲ.

ಹೊಲದಿಂದ ಮನೆಗೆ ಮರಳಿ ಪಡಸಾಲೆಯ ದೀಪದ ಕೆಳಗೆ ಅವ್ವನಿಗೆ ಇದನ್ನು ತೋರಿಸಿದೆ. ಲೋಹಕ್ಕೆ ಲೋಹ ತಾಗಿದ ಶಬ್ದದಲ್ಲಿಯೂ ನಮಗೆ ಕೇಳಿಸದ ಎತ್ತರದ ಭಾಗವಿರುತ್ತದೆಂದು ವಿವರಿಸುತ್ತಿದ್ದಂತೆ, ಅವ್ವ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಕೈ ಗೊಂಚಲನ್ನು ತೆಗೆದು ಪತಂಗದ ಹತ್ತಿರ ಒಮ್ಮೆ ಝಲ್ಲೆಂದು ಅಲ್ಲಾಡಿಸಿದಳು. ಪತಂಗ ಬಿತ್ತು. “ನನ್ನ ಕೀಲಿಕೈಗೂ ಬೀಳ್ತದಲ್ಲೋ ತಮ್ಮಾ! ಮತ್ತ ಅಷ್ಟು ರೊಕ್ಕ ಯಾಕ ಕೊಟ್ಟಿ?” ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಕೀಲಿಕೈಗಳಿಂದ ಮೂರು ನಾಲ್ಕು ಅಡಿಯೊಳಗಿನ ಪತಂಗಗಳು ಹಲವು ಸಲ ಬಿದ್ದವು, ಕೆಲವು ಸಲ ಬೀಳಲಿಲ್ಲ. ಪಿಸ್ತೂಲಿನ ಫಲ ಅದಕ್ಕಿಂತ ನಿಶ್ಚಿತ, ದೂರವೂ ಇಮ್ಮಡಿ; ಅರ್ಧ ಒತ್ತಿದಾಗಿನ ಮತ್ತು ಪೂರ್ತಿ ಒತ್ತಿದಾಗಿನ ವ್ಯತ್ಯಾಸವನ್ನು ಕೀಲಿಕೈಯಿಂದ ತೋರಿಸಲಾಗದು.

ತಯಾರಿಕೆಯ ಗುಣಮಟ್ಟ ಸಾಧಾರಣ. ಕೈಯಲ್ಲಿ ಹಗುರಾಗಿ ಕೂರುತ್ತದೆ, ಎರಡು ಪೆನ್ಸಿಲ್ ಸೆಲ್ಲುಗಳು ಮೂರು ತಿಂಗಳೂ ಬಂದವು. ಆದರೆ ಸೆಲ್ಲಿನ ಮುಚ್ಚಳದ ಕೊಂಡಿ ಎರಡನೇ ವಾರವೇ ಮುರಿಯಿತು. ಮಾರಾಟಗಾರರಿಗೆ ಫೋಟೋ ಸಹಿತ ಮೂರು ಸಲ ಬರೆದರೂ ಬದಲಿ ಕಳಿಸಲಿಲ್ಲ; ಈಗ ರಬ್ಬರ್ ಬ್ಯಾಂಡ್ ಸುತ್ತಿ ಬಳಸುತ್ತಿದ್ದೇನೆ. ಶಬ್ದ ಹೊರಡುತ್ತಿದೆಯೆಂದು ತಿಳಿಸಲು ಹಿಂಬದಿಯಲ್ಲಿ ಕೆಂಪು ದೀಪವೊಂದು ಮಿನುಗುತ್ತದೆ, ಅದು ಉಪಯುಕ್ತ. ನಾಯಿ ಬೆಕ್ಕುಗಳಿರುವ ಮನೆಯವರು ಎಚ್ಚರ ವಹಿಸಬೇಕು: ನಾಯಿಗೆ ಸುಮಾರು 45 ಕಿಲೋಹರ್ಟ್ಜ್‌ವರೆಗೆ, ಬೆಕ್ಕಿಗೆ ಇನ್ನೂ ಮೇಲಿನವರೆಗೆ ಕೇಳಿಸುತ್ತದೆ. ಕುದುರೆ ಪೂರ್ತಿ ಒತ್ತಿದಾಗಲೆಲ್ಲ ಪಕ್ಕದ ಮನೆಯ ಬೆಕ್ಕು ಮಾಳಿಗೆಯ ಗೋಡೆಯಿಂದ ಇಳಿದು ಹೋಗುತ್ತಿತ್ತು, ಆಮೇಲೆ ಅದು ಇರುವಾಗ ನಾನು ಒತ್ತುವುದನ್ನು ಬಿಟ್ಟೆ.

ಹುಳುವಿನ ಕಾಟ ತಪ್ಪಿಸಿಕೊಳ್ಳಬೇಕೆಂದು ಹಣ ಹಾಕುವವರಿಗೆ ಇದು ಬೇಡವೆಂದು ಸ್ಪಷ್ಟವಾಗಿ ಹೇಳುತ್ತೇನೆ. ಶಾಲೆಗಳಿಗಾದರೆ ಬೇಕೆನ್ನುತ್ತೇನೆ. ಒಂಬತ್ತನೆಯ ತರಗತಿಯ ಧ್ವನಿ ಪಾಠದಲ್ಲಿ ಬಾವಲಿಯ ಪ್ರತಿಧ್ವನಿಯ ಚಿತ್ರವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಪುಟ ತಿರುವುತ್ತಿದ್ದರು. ಈ ಸಲ ಅಕ್ಟೋಬರ್‌ನಲ್ಲಿ, ಪಾಲಕರ ಒಪ್ಪಿಗೆ ಪಡೆದು ಇಪ್ಪತ್ತು ಮಕ್ಕಳನ್ನು ಸಂಜೆ ಏಳಕ್ಕೆ ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ದೀಪದ ಕೆಳಗೆ ಬಿಳಿ ಪಂಚೆ ಹಾಸಿ ಕುದುರೆ ಒತ್ತಿದೆ. ಮೊದಲ ಪತಂಗ ಬಿದ್ದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ, “ಸರ್, ನಮಗ ಏನೂ ಕೇಳಸಲಿಲ್ಲ, ಅದಕ್ಕ ಹ್ಯಾಂಗ ಕೇಳಸ್ತು?” ಎಂದು ಕೇಳಿದಳು, ಮತ್ತು ಪಾಠ ರಾತ್ರಿ ಎಂಟೂವರೆಯವರೆಗೆ ನಡೆಯಿತು. ₹1,150 ಬೆಲೆ ಹೆಚ್ಚೇ. ₹500ರ ಒಳಗೆ, ಗಟ್ಟಿಯಾದ ಮುಚ್ಚಳದೊಂದಿಗೆ, ಡಬ್ಬಿಯ ಮೇಲಿನ ಸೊಳ್ಳೆಯ ಚಿತ್ರ ಅಳಿಸಿ ಕೊಡುವುದಾದರೆ ಜಿಲ್ಲೆಯ ಪ್ರತಿ ಪ್ರೌಢಶಾಲೆಯೂ ಒಂದೊಂದನ್ನು ಕೊಳ್ಳಲಿ.