ಜಗನ್ಮೋಹನವೋ, ಮಾಣಿಕ್ಯವೇಲು ಮನೆಯೋ?

ಅಮ್ಮನಿಗೆ ಚಿತ್ರ ನೋಡೋದೆಂದರೆ ಇಷ್ಟ, ಮೆಟ್ಟಿಲು ಹತ್ತೋದೆಂದರೆ ಕಷ್ಟ. ಆದರೂ ಅವರನ್ನು ಎರಡು ಕಡೆ ಕರೆದುಕೊಂಡು ಹೋದೆ. ಮೊದಲು ಮೈಸೂರಿನ ಜಗನ್ಮೋಹನ ಅರಮನೆ, ಆಮೇಲೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್. ಎರಡೂ ಒಂದು ಕಾಲಕ್ಕೆ ದೊಡ್ಡವರ ಮನೆಗಳು. ಈಗ ಚಿತ್ರಶಾಲೆಗಳು, ಟಿಕೆಟ್ ತೆಗೆದುಕೊಂಡರೆ ಯಾರು ಬೇಕಾದರೂ ಒಳಗೆ ಹೋಗಬಹುದು.

ಜಗನ್ಮೋಹನವನ್ನು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ ಮರದ ಹಳೇ ಅರಮನೆ ಸುಟ್ಟುಹೋಯಿತಲ್ಲ, ಹೊಸದು ಏಳುವವರೆಗೆ ರಾಜಮನೆತನ ಇದ್ದದ್ದು ಇಲ್ಲೇ. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಸಿಕ್ಕಿದ್ದೂ ಇಲ್ಲೇ. 1915ರಿಂದ ಚಿತ್ರಶಾಲೆ. ಹಾಗಾಗಿ ಚಿತ್ರ ನೋಡಬೇಕೋ ಮನೆ ನೋಡಬೇಕೋ ಅನ್ನುವ ಗೊಂದಲ ಇದ್ದೇ ಇರುತ್ತದೆ. ರವಿವರ್ಮನ ಚಿತ್ರ ಮುಗಿಯಿತು ಅನ್ನುವಷ್ಟರಲ್ಲಿ ಹಳೇ ವಾದ್ಯಗಳು, ಗಂಜೀಫಾ ಅನ್ನುವ ಹಳೇ ಕಾಲದ ಇಸ್ಪೀಟು ಎಲೆಗಳು, ಅಕ್ಕಿ ಕಾಳಿನ ಮೇಲೆ ಬರೆದ ಚಿತ್ರ. ಗೋಡೆಯ ಮೇಲಿನ ದಸರಾ ಮೆರವಣಿಗೆ ಮುಂದೆ ಅಮ್ಮ ಆನೆ ಎಣಿಸುತ್ತಾ ನಿಂತುಬಿಟ್ಟರು. ಎರಡು ಸಲ ಲೆಕ್ಕ ತಪ್ಪಿತು.

ಇನ್ನು ದೀಪ ಹಿಡಿದ ಹೆಂಗಸಿನ ಚಿತ್ರ. ಪಕ್ಕದಲ್ಲಿದ್ದವರೊಬ್ಬರು ‘ರವಿವರ್ಮಂದು’ ಅಂತ ಮಗನಿಗೆ ಹೇಳುತ್ತಿದ್ದರು. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಬರೆದವರು ಎಸ್.ಎಲ್. ಹಲ್ದಣಕರ್, ಕೈಯಲ್ಲಿ ದೀಪ ಹಿಡಿದು ನಿಂತವಳು ಅವರ ಮಗಳು. ಅದು ಎಣ್ಣೆ ಬಣ್ಣವಲ್ಲ, ಜಲವರ್ಣ. ಬೆರಳ ಸಂದಿಯ ಆ ಕೆಂಪು ನೋಡಿ ಹಿಂದೆ ಬಲ್ಬ್ ಇಟ್ಟಿದ್ದಾರೇನೋ ಅಂತ ಬಗ್ಗಿ ನೋಡುವವರು ಇದ್ದಾರೆ. ನಾನೂ ಬಗ್ಗಿದವನೇ.

ಮಾಣಿಕ್ಯವೇಲು ಮ್ಯಾನ್ಷನ್‌ಗೆ ಮೊದಲ ಸಲ ಸೋಮವಾರ ಹೋಗಿ ಗೇಟಿನಿಂದಲೇ ವಾಪಸ್ ಬಂದೆವು. ಸೋಮವಾರ ರಜೆ, ನೋಡದೆ ಹೋದದ್ದು ನನ್ನ ತಪ್ಪು. ಇದು 2009ರಿಂದ ಎನ್‌ಜಿಎಂಎ, ಅಂದರೆ ಆಧುನಿಕ ಕಲೆಯ ರಾಷ್ಟ್ರೀಯ ಸಂಗ್ರಹಾಲಯ. ಸುಮಾರು ಮೂರೂವರೆ ಎಕರೆ ಜಾಗ, ತುಂಬಾ ಮರ, ಹಳೇ ಬಂಗಲೆಯ ಜೊತೆಗೆ ಒಂದು ಹೊಸ ಕಟ್ಟಡ. ಇಲ್ಲಿ ಚಿತ್ರಗಳಿಗೆ ಉಸಿರಾಡಲು ಜಾಗ ಇದೆ. ಜಾಮಿನಿ ರಾಯ್ ಬರೆದ ಆ ಅಗಲ ಕಣ್ಣುಗಳ ಮುಂದೆ ನಾನು ಹತ್ತು ನಿಮಿಷ ಸುಮ್ನೆ ನಿಂತಿದ್ದೆ, ಯಾರೂ ತಳ್ಳಲಿಲ್ಲ.

ಅಮ್ಮನ ತಕರಾರು ಬೇರೆ. “ಮನೆ ಚೆನ್ನಾಗಿದೆ ಕಣೋ, ಆದ್ರೆ ಮನೆಯವರ ಒಂದು ಸಾಮಾನೂ ಇಲ್ಲವಲ್ಲ. ಅಡುಗೆಮನೆ ಎಲ್ಲಿತ್ತಂತೆ?” ನನಗೇನು ಗೊತ್ತು!

ಮಕ್ಕಳನ್ನು, ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವುದಾದರೆ ನಾನು ಜಗನ್ಮೋಹನವನ್ನೇ ಹೇಳುತ್ತೇನೆ. ಆದರೆ ಮೂರು ಅಂತಸ್ತು, ಮಂಡಿ ನೋವಿನವರು ನಿಧಾನವಾಗಿ ಹತ್ತಬೇಕು. ಮೈಸೂರಿನ ದೊಡ್ಡ ಅರಮನೆ ನೋಡಿ ಸುಸ್ತಾದ ಮೇಲೆ ‘ಇದನ್ನೂ ಮುಗಿಸಿಬಿಡೋಣ’ ಅಂತ ಮಾತ್ರ ಹೋಗಬೇಡಿ, ಅರ್ಧ ದಿನ ಇದಕ್ಕೇ ಇಡಿ. ಒಬ್ಬರೇ ಹೋಗಿ ನಾಲ್ಕೇ ಚಿತ್ರ ನೋಡಿ ಬರುವ ಆಸೆ ಇದ್ದರೆ ಮಾಣಿಕ್ಯವೇಲು. ನನ್ನ ಓಟು ಅದಕ್ಕೇ, ಸ್ವಲ್ಪವೇ ಜಾಸ್ತಿ.

ಮೊನ್ನೆ ಬೆಂಗಳೂರಿಗೆ ಬಂದ ಅಮ್ಮ ಮತ್ತೆ ಅರಮನೆ ರಸ್ತೆಗೆ ಹೋಗೋಣ ಅಂದರು. ಚಿತ್ರಕ್ಕಲ್ಲ, ಆ ಮರಗಳ ನೆರಳಿಗೆ.